ಮೊಳೆ ಕಾಣದ ದೋಣಿ

ದೊಡ್ಡಬಳ್ಳಾಪುರದ ಕಡೆಯವನಿಗೆ ದೋಣಿಯ ಇತಿಹಾಸದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕೇಳೋದು ನ್ಯಾಯವೇ. ನಮ್ಮದು ಬಯಲುಸೀಮೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ, ದಕ್ಷಿಣ ಪಿನಾಕಿನಿ, ಆ ಕಡೆ ಶಿವಗಂಗೆಯ ಕುಮುದ್ವತಿ, ಹೆಸರಿಗೇನೋ ಮೂರು ನದಿಗಳಿವೆ. ದೋಣಿ ಹಾಕಿ ದಾಟುವಷ್ಟು ನೀರು ಮಾತ್ರ ಅವುಗಳಲ್ಲಿ ವರ್ಷಪೂರ್ತಿ ಇರೋದಿಲ್ಲ. ಆದರೆ ಕೆರೆ ತುಂಬಿದ ವರ್ಷ ನಮ್ಮಲ್ಲೂ ಒಂದು ದೋಣಿ ನೀರಿಗಿಳಿಯುತ್ತದೆ. ಮೀನು ಹಿಡಿಯುವವರ ಹರಿಗೋಲು. ದುಂಡಗೆ, ದೊಡ್ಡ ಮಂಕರಿಯ ಹಾಗೆ. ಈ ಬರಹ ಅದರ ಹೊದಿಕೆಯ ಬಗ್ಗೆ. ಆ ಹೊದಿಕೆಯನ್ನು ಒಂದು ಮೊಳೆಯೂ ಇಲ್ಲದೆ, ನೀರಿಗೆ ತಾಗುವ ಕಡೆ ಚೌಕಟ್ಟಿಗೆ ಒಂದು ತೂತೂ ಕೊರೆಯದೆ ಕೂರಿಸುತ್ತಾರಲ್ಲ, ಅದರ ಬಗ್ಗೆ.

ಮೊದಲು ತೂತಿನ ಲೆಕ್ಕ ನೋಡೋಣ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ, ದೋಣಿಯ ಮೈಯಲ್ಲಿ 5 ಮಿಲಿಮೀಟರಿನ ಒಂದೇ ಒಂದು ಮೊಳೆತೂತು ಬಿತ್ತು ಅಂದುಕೊಳ್ಳಿ. ಹೈಸ್ಕೂಲಿನ ಭೌತಶಾಸ್ತ್ರ ಸಾಕು, ನಿಮಿಷಕ್ಕೆ ಹತ್ತಿರ ಹತ್ತಿರ ಒಂದೂಮುಕ್ಕಾಲು ಲೀಟರ್ ನೀರು ಒಳಗೆ ಬರುತ್ತದೆ. ಗಂಟೆಗೆ ನೂರು ಲೀಟರ್! ಇನ್ನು ಬಿದಿರಿಗೆ ಮೊಳೆ ಹೊಡೆದರೆ ಏನಾಗುತ್ತದೆ ಅನ್ನೋದು ಚಪ್ಪರ ಹಾಕಿದವರಿಗೆಲ್ಲ ಗೊತ್ತು. ಅದರ ನಾರು ಉದ್ದಕ್ಕೆ ಇರೋದರಿಂದ ಸರ್ರನೆ ಸೀಳಿಬಿಡುತ್ತದೆ. ಹಾಗಾಗಿ ಬಿದಿರಿನ ದೋಣಿಯಲ್ಲಿ ಮೊಳೆಗೆ ಜಾಗವೇ ಇಲ್ಲ. ಹೊದಿಕೆಯನ್ನು ನಿಲ್ಲಿಸೋಕೆ ಬೇರೆ ದಾರಿ ಹುಡುಕಲೇಬೇಕಿತ್ತು.

ಆ ದಾರಿ ಬಹಳ ಸರಳ. ಬಿದಿರಿನ ದಬ್ಬೆಗಳನ್ನು ನೆಲದ ಮೇಲೆ ಅಡ್ಡ-ಉದ್ದ ಹೆಣೆದು, ತುದಿಗಳನ್ನು ಮೇಲಕ್ಕೆ ಬಾಗಿಸಿ, ಬಾಯಿಯ ಸುತ್ತ ದಪ್ಪನೆಯ ಅಂಚು ಕಟ್ಟುತ್ತಾರೆ. ಆಮೇಲೆ ಬುಟ್ಟಿಯ ಹೊರಮೈಗೆ ಚರ್ಮ ಹೊದಿಸಿ, ಅದನ್ನು ಮೇಲಿನ ಅಂಚಿಗೆ ಎಳೆದು ಕಟ್ಟುತ್ತಾರೆ. ಕಟ್ಟೆಲ್ಲ ಮೇಲೆ, ನೀರಿಗೆ ಸಿಗದ ಜಾಗದಲ್ಲಿ. ಕೆಳಗೆ ಚರ್ಮವನ್ನು ಬುಟ್ಟಿಗೆ ಅಂಟಿಸಿಯೂ ಇಲ್ಲ, ಹೊಡೆದೂ ಇಲ್ಲ. ಹಾಗಾದರೆ ಅಲ್ಲಿ ಹಿಡಿದಿಡೋದು ಯಾರು? ನೀರೇ! ಹೊರಗಿನ ನೀರಿನ ಒತ್ತಡ ಹೊದಿಕೆಯನ್ನು ಬುಟ್ಟಿಗೆ ಒತ್ತಿ ಹಿಡಿಯುತ್ತದೆ. ಭಾರ ಹೆಚ್ಚಿದಷ್ಟೂ ದೋಣಿ ಆಳಕ್ಕೆ ಇಳಿಯುತ್ತದೆ, ಹಿಡಿತವೂ ಬಿಗಿಯಾಗುತ್ತದೆ. ಯಾವ ನೀರು ದೋಣಿಯನ್ನು ಮುಳುಗಿಸಬೇಕೋ ಅದೇ ನೀರಿನ ಕೈಯಲ್ಲಿ ಬಿಟ್ಟಿ ಕೆಲಸ ಮಾಡಿಸಿಕೊಂಡ ಜಾಣತನ ಇದು.

ಇದು ನಮ್ಮವರಿಗೆ ಮಾತ್ರ ಹೊಳೆದ ಉಪಾಯ ಅಂತ ಬೀಗಬೇಕಾಗಿಲ್ಲ. ಕ್ರಿಸ್ತಪೂರ್ವ 7ನೇ ಶತಮಾನದ ಹೊತ್ತಿಗೆ, ಅಸ್ಸೀರಿಯದ ರಾಜ ಸೆನಕೆರಿಬ್ ನಿನೆವೆಯ ಅರಮನೆಯಲ್ಲಿ ಕೆತ್ತಿಸಿದ ಶಿಲ್ಪಗಳಲ್ಲೇ ದುಂಡು ದೋಣಿಗಳಿವೆ. ಮುಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬಾಬಿಲೋನಿನ ಬಗ್ಗೆ ಬರೆಯುವಾಗ ಒಂದು ಸೊಗಸಾದ ವಿಷಯ ಹೇಳುತ್ತಾನೆ. ಅರ್ಮೇನಿಯದ ವ್ಯಾಪಾರಿಗಳು ಚರ್ಮ ಹೊದಿಸಿದ ದುಂಡು ದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ನದಿಯಲ್ಲಿ ಇಳಿದು ಬರುತ್ತಿದ್ದರಂತೆ. ಸರಕು ಮಾರಿದ ಮೇಲೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮ ಬಿಚ್ಚಿ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ ವಾಪಸ್. ಮೊಳೆ ಹೊಡೆದಿದ್ದರೆ ಹೀಗೆ ಬಿಚ್ಚೋಕೆ ಆಗುತ್ತಿತ್ತೇ? ಆ ಕಡೆ ವೇಲ್ಸ್ ದೇಶದ ಬೆಸ್ತರೂ ಚರ್ಮದ ಪುಟ್ಟ ದೋಣಿಗಳನ್ನು ಬಳಸುತ್ತಿದ್ದರು, ಆಮೇಲೆ ಚರ್ಮ ಬಿಟ್ಟು ಟಾರು ಬಳಿದ ಕ್ಯಾನ್ವಾಸಿಗೆ ಬಂದರು.

ನಮ್ಮ ನಾಡಿನ ಹರಿಗೋಲಿನ ಬಗ್ಗೆ ಒಳ್ಳೆಯ ಸಾಕ್ಷಿ ಸಿಗೋದು ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದರಲ್ಲಿ. ಆನೆಗೊಂದಿಗೆ ದಾಟುವ ದೋಣಿಗಳು ಬುಟ್ಟಿಯಂತೆ ದುಂಡಗಿವೆ, ಹೊರಗೆ ಚರ್ಮ ಹೊದಿಸಿದೆ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟಬಹುದು ಅನ್ನುತ್ತಾನೆ. ಹುಟ್ಟು ಹಾಕುವಾಗ ದೋಣಿ ಗಿರಗಿರ ತಿರುಗುತ್ತಲೇ ಇರುತ್ತದೆ ಅನ್ನೋದನ್ನೂ ಮರೆತಿಲ್ಲ. ಹಂಪಿಗೆ ಹೋಗಿ ಹರಿಗೋಲು ಹತ್ತಿದವರು ಇವತ್ತಿಗೂ ಇದನ್ನೇ ಹೇಳುತ್ತಾರೆ!

1800ರಲ್ಲಿ ಧೋಂಡಿಯ ವಾಘನ ಬೆನ್ನು ಹತ್ತಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್‌ನನ್ನು ಸೋಲಿಸಿ ಹೆಸರು ಮಾಡಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್, ತುಂಬಿದ ಹೊಳೆಗಳನ್ನು ದಾಟೋಕೆ ನಂಬಿದ್ದು ಇದೇ ಬುಟ್ಟಿದೋಣಿಗಳನ್ನು. ಅವನ ಪತ್ರಗಳಲ್ಲಿ ಇವುಗಳ ಪ್ರಸ್ತಾಪ ಬರುತ್ತದೆ. ಕಾಡಿನ ಬಿದಿರು, ಊರಿನ ಚರ್ಮ ಸಿಕ್ಕಿದರೆ ದಂಡು ಇದ್ದಲ್ಲೇ ದೋಣಿ ತಯಾರು.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಒಂದು ಹರಿಗೋಲಿನಲ್ಲಿ ಎಷ್ಟು ಜನರ ಕೈ ಇದೆ ನೋಡಿ. ಬಿದಿರು ಹೆಣೆಯೋದು ಮೇದರ ಕಸುಬು. ಚರ್ಮ ಹದ ಮಾಡೋದು ಮಾದಿಗರ ಕಸುಬು. ಹುಟ್ಟು ಹಾಕೋದು ಅಂಬಿಗರ, ಬೆಸ್ತರ ಕಸುಬು. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರಿನಲ್ಲೇ ಈ ಕಸುಬು ಇದೆ. ಚರ್ಮ ಮುಟ್ಟಿದರೆ ಮೈಲಿಗೆ ಅನ್ನುತ್ತಿದ್ದ ಸಮಾಜವೇ ಹೊಳೆ ತುಂಬಿದಾಗ ಚರ್ಮದ ದೋಣಿಯೊಳಗೆ ಕಾಲು ಮಡಿಚಿ ಕೂತು, ಜೀವ ಉಳಿಸು ಅಂತ ದೇವರನ್ನು ನೆನೆಯುತ್ತಿತ್ತು. ಆಚೆ ದಡ ಮುಟ್ಟಿದ ಮೇಲೆ ಮಡಿ ಮತ್ತೆ ವಾಪಸ್ ಬರುತ್ತಿತ್ತು. ಚರಿತ್ರೆಯ ಪಾಠದಲ್ಲಿ ರಾಜರ ಹೆಸರುಗಳಿರುತ್ತವೆ. ಅವರ ಸೈನ್ಯವನ್ನು ದಾಟಿಸಿದ ಚರ್ಮ ಯಾರು ಹದ ಮಾಡಿದ್ದು ಅನ್ನೋದು ಇರೋದಿಲ್ಲ.

ಕಾಲ ಬದಲಾದಂತೆ ಚರ್ಮ ಹೋಯಿತು. ಅದರ ಜಾಗಕ್ಕೆ ಟಾರ್ಪಾಲು ಬಂತು, ಪ್ಲಾಸ್ಟಿಕ್ ಚೀಲ ಬಂತು, ಮೇಲೆ ಕಾಯಿಸಿದ ಟಾರಿನ ಲೇಪ ಬಂತು. (ಟಾರ್ಪಾಲು ಅನ್ನೋ ಪದದಲ್ಲೇ ಟಾರು ಇದೆ, ಗಮನಿಸಿ.) ಹೊದಿಕೆ ಬದಲಾದರೂ ಕ್ರಮ ಬದಲಾಗಲಿಲ್ಲ. ಹೊರಗಿನಿಂದ ಹೊದಿಸು, ಅಂಚಿಗೆ ಎಳೆದು ಕಟ್ಟು, ಉಳಿದದ್ದು ನೀರಿಗೆ ಬಿಡು.

ಇದೇ ಬುದ್ಧಿ ನಮ್ಮ ಕಣದಲ್ಲೂ ಇದೆ. ರಾಗಿ ಮೆದೆಗೆ ಟಾರ್ಪಾಲು ಹೊದಿಸುವಾಗ ಅಂಚಿನ ರಿಂಗು ಕಿತ್ತುಹೋಗಿದ್ದರೆ ಟಾರ್ಪಾಲಿಗೆ ಹೊಸ ತೂತು ಮಾಡಬಾರದು. ತೂತು ಮಾಡಿದರೆ ಗಾಳಿಗೆ ಅಲ್ಲಿಂದಲೇ ಹರಿಯುತ್ತದೆ. ಒಂದು ದುಂಡು ಕಲ್ಲನ್ನು ಟಾರ್ಪಾಲಿನ ಒಳಗಿಟ್ಟು, ಹೊರಗಿನಿಂದ ಅದರ ಕತ್ತಿಗೆ ಹಗ್ಗ ಬಿಗಿದರೆ ಸಾಕು. ಎಳೆದಷ್ಟೂ ಗಟ್ಟಿ. ಹರಿಗೋಲಿನಲ್ಲಿ ನೀರು ಮಾಡುವ ಕೆಲಸವನ್ನು ಇಲ್ಲಿ ಕಲ್ಲು ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಈಗ ಫೈಬರ್ ಗ್ಲಾಸ್ ಹರಿಗೋಲುಗಳು ಬಂದಿವೆ. ಮೀನುಗಾರಿಕೆ ಇಲಾಖೆ ಸಹಾಯಧನದಲ್ಲೂ ಕೊಡುತ್ತದೆ. ಮತ್ತೆ ಮತ್ತೆ ಟಾರು ಬಳಿಯುವ ಕಷ್ಟವಿಲ್ಲ, ಬಿದಿರಿಗೆ ಹುಳ ಬೀಳುವ ಭಯವಿಲ್ಲ. ಮೀನು ಹಿಡಿದು ಸಂಸಾರ ನಡೆಸುವವನಿಗೆ ಇದು ಒಳ್ಳೆಯದೇ, ಹಳೆಯದನ್ನೇ ಇಟ್ಟುಕೋ ಅಂತ ಹೇಳೋಕೆ ನಾನ್ಯಾರು? ಆದರೆ ಬಿದಿರಿನ ಹರಿಗೋಲು ಹರಿದರೆ ಒಂದು ತುಂಡು ಚೀಲ, ಒಂದಿಷ್ಟು ಟಾರು ಹಿಡಿದು ಊರಿನವನೇ ಸಂಜೆಯೊಳಗೆ ಸರಿಮಾಡುತ್ತಿದ್ದ. ಫೈಬರ್ ಬಿರಿದರೆ ರಾಳ ಬೇಕು, ಗಾಜಿನ ಬಟ್ಟೆ ಬೇಕು, ಅದನ್ನು ತಿಳಿದವನನ್ನು ಹುಡುಕಿಕೊಂಡು ಹೋಗಬೇಕು. ದೋಣಿ ಗಟ್ಟಿಯಾಯಿತು, ಅದನ್ನು ಸರಿಮಾಡುವ ವಿದ್ಯೆ ಮಾತ್ರ ಊರು ಬಿಟ್ಟುಹೋಯಿತು.

ನಿಮ್ಮ ಕಡೆ ಬಿದಿರಿನ ಹರಿಗೋಲು ಹೆಣೆಯುವ ಮೇದರ ಹಿರಿಯರು ಯಾರಾದರೂ ಇದ್ದರೆ ಒಂದು ಸಲ ಹತ್ತಿರ ಕೂತು ನೋಡಿ. ದಬ್ಬೆ ಎಷ್ಟು ದಪ್ಪ ಸೀಳಬೇಕು, ಯಾವ ವಯಸ್ಸಿನ ಬಿದಿರು ಬಾಗುತ್ತದೆ, ಅಂಚು ಹೇಗೆ ಕಟ್ಟಬೇಕು, ಎಲ್ಲ ಬರೆದಿಟ್ಟುಕೊಳ್ಳಿ. ಪಾಯಸ್ ಹೊರಗಿನವನು. ಬಂದು ನೋಡಿದ್ದನ್ನು ಬರೆದಿಟ್ಟು ಹೋದ. ಹೆಣೆಯೋದು ಹೇಗೆ ಅನ್ನೋದನ್ನು ಬರೆಯಬೇಕಾದವರು ನಾವೇ.