ಹಿಮಹರಳಿನ ಆಕಾರಗಳು: ಅಧ್ಯಯನದ ಚರಿತ್ರೆ

ಮೋಡದಲ್ಲಿ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಅನೇಕ ಹನಿಗಳು ಹೆಪ್ಪುಗಟ್ಟದೆ ಉಳಿಯುತ್ತವೆ. ಅಂಥ ಹನಿಯೊಂದು ದೂಳಿನ ಕಣದ ಆಸರೆ ಸಿಕ್ಕಿ ಗಡ್ಡೆಕಟ್ಟಿದರೆ, ಸುತ್ತಲಿನ ನೀರಾವಿ ಅದರ ಮೇಲೆ ಕೂಡುತ್ತ ಹೋಗಿ ಹಿಮಹರಳು ಬೆಳೆಯುತ್ತದೆ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಷಟ್ಕೋನಗಳಾಗಿ ಜೋಡಣೆಗೊಳ್ಳುವುದರಿಂದ ಹರಳಿನ ಮೊದಲ ರೂಪ ಆರು ಮುಖದ ಪುಟ್ಟ ಪಟ್ಟಕ. ಅದರ ಮೂಲೆಗಳು ಹೊರಚಾಚಿ ಹೆಚ್ಚು ಆವಿಯನ್ನು ಹೀರುತ್ತವೆ. ಅಲ್ಲಿಂದಲೇ ಕವಲುಗಳು ಒಡೆಯುತ್ತವೆ.

ಹಿಮಕ್ಕೆ ಆರು ಮೂಲೆ ಎಂಬುದನ್ನು ಚೀನಾದ ಹಾನ್ ಯಿಂಗ್ ಕ್ರಿ.ಪೂ. 2ನೆಯ ಶತಮಾನದಲ್ಲೇ ಗುರುತಿಸಿದ್ದ. ಐದಲ್ಲ, ಏಳಲ್ಲ, ಆರೇ ಏಕೆ ಎಂದು ಕೇಳಿದವನು ಖಗೋಳಜ್ಞ ಕೆಪ್ಲರ್. 1611ರಲ್ಲಿ ಪ್ರಾಗ್‌ನಲ್ಲಿದ್ದಾಗ ತನ್ನ ಪೋಷಕನಿಗೆ ಹೊಸವರ್ಷದ ಕಾಣಿಕೆಯಾಗಿ ಬರೆದ ಕಿರುಹೊತ್ತಗೆಯಲ್ಲಿ ಗೋಲಗಳನ್ನು ಒತ್ತಾಗಿ ಜೋಡಿಸುವ ಬಗೆಯಲ್ಲಿ ಅವನು ಉತ್ತರ ಹುಡುಕಿದ, ಸಿಗಲಿಲ್ಲ. ಅಣುಗಳ ಕಲ್ಪನೆಯೇ ಬೆಳೆದಿರದ ಕಾಲದಲ್ಲಿ ಇಷ್ಟು ಹತ್ತಿರ ಬಂದದ್ದೇ ಅಚ್ಚರಿ. ದೆಕಾರ್ತ್ 1635ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಎರಡೂ ತುದಿಗೆ ಬಿಲ್ಲೆ ಅಂಟಿದ ಕಂಬದಂಥ ಹರಳುಗಳನ್ನು ಬರಿಗಣ್ಣಿನಿಂದಲೇ ಕಂಡು ದಾಖಲಿಸಿದ. ಜಪಾನಿನ ಕೋಗಾ ಸಂಸ್ಥಾನದ ದೊರೆ ದೋಯಿ ತೋಶಿತ್ಸುರಾ 1832ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ 86 ಚಿತ್ರಗಳನ್ನು ಪ್ರಕಟಿಸಿದ.

ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮಹರಳಿನ ಫೋಟೊ ತೆಗೆದ. ಕಪ್ಪು ಹಲಗೆಯ ಮೇಲೆ ಬಿದ್ದ ಹರಳನ್ನು ಕಡ್ಡಿಯಿಂದೆತ್ತಿ ಗಾಜಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತಿ, ಅದು ಕರಗುವ ಮುನ್ನ ಚಿತ್ರ ತೆಗೆಯಬೇಕಿತ್ತು. ಹೀಗೆ ಅವನು ತೆಗೆದದ್ದು 5,000ಕ್ಕೂ ಹೆಚ್ಚು. ಆದರೆ ಅವನ ಕಣ್ಣು ಸೊಗಸಾದವನ್ನೇ ಆರಿಸಿತು. ಹಿಮವೆಂದರೆ ಅಚ್ಚುಕಟ್ಟಾದ ಆರು ತೋಳಿನ ನಕ್ಷತ್ರ ಎಂಬ ನಂಬಿಕೆ ಬಲಿತದ್ದರಲ್ಲಿ ಅವನ ಚಿತ್ರಗಳ ಪಾಲು ದೊಡ್ಡದು. ವಾಸ್ತವದಲ್ಲಿ ಬೀಳುವ ಬಹುಪಾಲು ಹರಳುಗಳು ಮುರಿದವು, ಸೊಟ್ಟಗಿನವು, ಒಂದಕ್ಕೊಂದು ಅಂಟಿದವು.

ಈ ಚರಿತ್ರೆಯ ನಿಜವಾದ ತಿರುವು ಸಪ್ಪೊರೊದ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಬಂತು. ಭೌತವಿಜ್ಞಾನಿ ಉಕಿಚಿರೊ ನಕಾಯಾ ಹರಳನ್ನು ನೋಡುವುದಷ್ಟೇ ಅಲ್ಲ, ಬೆಳೆಸಲೂ ಹೊರಟರು. ಹರಳು ನೆಲೆಯೂರಲು ನೇತುಹಾಕಿದ ದಾರಗಳ ಮೇಲೆಲ್ಲ ಇಬ್ಬನಿ ಗಡ್ಡೆಕಟ್ಟುತ್ತಿತ್ತು. ಕೊನೆಗೆ ಒದಗಿದ್ದು ಮೊಲದ ಕೂದಲು: ಅದರ ಮೇಲಿನ ಸಣ್ಣ ಗಂಟುಗಳಲ್ಲಿ ಬಿಡಿಬಿಡಿಯಾಗಿ ಹರಳು ಮೂಡಿತು. 1936ರಲ್ಲಿ ಮೊದಲ ಕೃತಕ ಹಿಮಹರಳು ಹುಟ್ಟಿದ್ದು ಹೀಗೆ. ಉಷ್ಣತೆ, ತೇವಾಂಶಗಳನ್ನು ಬದಲಿಸುತ್ತ ಅವರು ರಚಿಸಿದ ನಕ್ಷೆ ಇಂದಿಗೂ ಬಳಕೆಯಲ್ಲಿದೆ. ಮೈನಸ್ 2 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತೆಳು ಬಿಲ್ಲೆ, ಮೈನಸ್ 5ರ ಹತ್ತಿರ ಸೂಜಿ ಮತ್ತು ಕಂಬ, ಮೈನಸ್ 15ರ ಆಸುಪಾಸಿನಲ್ಲಿ ಆವಿ ಧಾರಾಳವಾಗಿದ್ದರೆ ಜರೀಗಿಡದ ಎಲೆಯಂಥ ಕವಲು. ದೆಕಾರ್ತ್ ಕಂಡ ಬಿಲ್ಲೆ ಅಂಟಿದ ಕಂಬಕ್ಕೂ ಇಲ್ಲಿ ವಿವರಣೆಯಿದೆ: ಒಂದು ಉಷ್ಣತೆಯಲ್ಲಿ ಕಂಬವಾಗಿ ಬೆಳೆದದ್ದು ಇನ್ನೊಂದಕ್ಕೆ ಸರಿದಾಗ ತುದಿಗಳಲ್ಲಿ ಬಿಲ್ಲೆಯಾಗಿ ಹರಡಿಕೊಂಡಿತು.

ನಕಾಯಾ ಹಿಮಹರಳುಗಳನ್ನು 41 ಬಗೆಗಳಾಗಿ ವಿಂಗಡಿಸಿದರು. 1966ರಲ್ಲಿ ಮಾಗೊನೊ ಮತ್ತು ಲೀ ಅದನ್ನು 80ಕ್ಕೆ ವಿಸ್ತರಿಸಿದರು. ಉಷ್ಣತೆ ಕೆಲವೇ ಡಿಗ್ರಿ ಇಳಿದರೆ ಬಿಲ್ಲೆ ಕಂಬವಾಗಿ, ಕಂಬ ಮತ್ತೆ ಬಿಲ್ಲೆಯಾಗಿ ಬದಲಾಗುವುದೇಕೆ ಎಂಬುದು ಮಾತ್ರ ಪೂರ್ತಿ ಬಗೆಹರಿದಿಲ್ಲ. ಹರಳಿನ ಬೇರೆಬೇರೆ ಮುಖಗಳಿಗೆ ಅಣುಗಳು ಅಂಟಿಕೊಳ್ಳುವ ವೇಗವನ್ನು ಅಳೆಯುವ ಪ್ರಯೋಗಗಳು ಇನ್ನೂ ನಡೆಯುತ್ತಿವೆ.