ಈಡುಗಾರ್ತಿಯ ಗಂಡ

ಪಂದ್ಯ ಇಪ್ಪತ್ತೈದು ಹಕ್ಕಿಗಳದ್ದು. ಪೆಟ್ಟಿಗೆಯಿಂದ ಹಾರಿಬಿಟ್ಟ ಪಾರಿವಾಳವನ್ನು ಅದು ಗಡಿ ದಾಟುವ ಮೊದಲೇ ಹೊಡೆದುರುಳಿಸಬೇಕು. ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಹೋಟೆಲ್ ಮಾಲೀಕನೊಬ್ಬ ಏರ್ಪಡಿಸಿದ್ದ ಈ ಪಂದ್ಯಕ್ಕೆ 100 ಡಾಲರ್ ಪಣ. ಒಂದು ಕಡೆ ಫ್ರಾಂಕ್ ಬಟ್ಲರ್. ಐರ್ಲೆಂಡ್‌ನಿಂದ ಬಂದು ಊರೂರು ತಿರುಗಿ ಗುರಿಯ ಪ್ರದರ್ಶನ ಕೊಟ್ಟು ಬದುಕುತ್ತಿದ್ದ ವೃತ್ತಿಪರ ಈಡುಗಾರ. ಇನ್ನೊಂದು ಕಡೆ ಐದಡಿ ಎತ್ತರದ ಒಬ್ಬ ಹಳ್ಳಿ ಹುಡುಗಿ. ಎದುರಾಳಿಯನ್ನು ನೋಡಿ ಬಟ್ಲರ್‌ಗೆ ನಗು ಬಂದಿದ್ದರೆ ಅಚ್ಚರಿಯಿಲ್ಲ. ಇಪ್ಪತ್ತೈದನೆಯ ಹಕ್ಕಿಯಲ್ಲಿ ಅವನ ಗುರಿ ತಪ್ಪಿತು. ಅವಳದ್ದು ಒಂದೂ ತಪ್ಪಲಿಲ್ಲ.

ಸೋತವನು ಗೆದ್ದವಳನ್ನೇ ಮದುವೆಯಾದ.

ಆ ಹುಡುಗಿಯೇ ಮುಂದೆ ಆನಿ ಓಕ್ಲಿ ಎಂಬ ಹೆಸರಿನಿಂದ ಎರಡು ಖಂಡಗಳಲ್ಲಿ ಮನೆಮಾತಾದಳು. ಈ ಪಂದ್ಯ ನಡೆದದ್ದು 1875ರಲ್ಲಿ ಎಂದು ಕೆಲವರು, 1881ರಲ್ಲಿ ಎಂದು ಇನ್ನು ಕೆಲವರು ಇಂದಿಗೂ ವಾದಿಸುತ್ತಾರೆ. ದಂಪತಿ ತಾವು 1876ರಲ್ಲಿ ಮದುವೆಯಾದೆವು ಎಂದು ಹೇಳಿಕೊಳ್ಳುತ್ತಿದ್ದರು. ಆದರೆ ಕೆನಡಾದ ವಿಂಡ್ಸರ್‌ನಲ್ಲಿ ಸಿಕ್ಕಿದ ವಿವಾಹ ಪತ್ರದಲ್ಲಿರುವ ವರ್ಷ 1882. ಸಾಲದ್ದಕ್ಕೆ, ಹದಿನೈದು ವರ್ಷದ ಲಿಲಿಯನ್ ಸ್ಮಿತ್ ಎಂಬ ಗುರಿಕಾರ್ತಿ 1886ರಲ್ಲಿ ಸ್ಪರ್ಧೆಗೆ ಬಂದಾಗ ಆನಿ ತನ್ನ ವಯಸ್ಸಿನಲ್ಲಿ ಆರು ವರ್ಷ ಕಡಿತ ಮಾಡಿಕೊಂಡಳು. ರಂಗದ ಮೇಲಿರುವವರ ಲೆಕ್ಕವೇ ಬೇರೆ.

ಆನಿ ಹುಟ್ಟಿದ್ದು 1860ರಲ್ಲಿ, ಒಹಾಯೊದ ಡಾರ್ಕ್ ಕೌಂಟಿಯಲ್ಲಿ. ಕ್ವೇಕರ್ ಪಂಥದ ಬಡ ಕುಟುಂಬ. 1866ರಲ್ಲಿ ಹಿಮಪಾತಕ್ಕೆ ಸಿಕ್ಕಿ ಬಂದ ತಂದೆ ನ್ಯುಮೋನಿಯಾದಿಂದ ತೀರಿಕೊಂಡ. ಆತ ಬಿಟ್ಟುಹೋದ ಆಸ್ತಿಯೆಂದರೆ ಒಲೆಯ ಮೇಲ್ಗಡೆ ಗೋಡೆಗೆ ತೂಗುಹಾಕಿದ್ದ ಹಳೆಯ ಕೋವಿ. ಎಂಟು ವರ್ಷದವಳಿದ್ದಾಗ ಅದನ್ನು ಕೆಳಗಿಳಿಸಿ, ಬೇಲಿಯ ಮೇಲೆ ಓಡುತ್ತಿದ್ದ ಅಳಿಲಿನ ತಲೆಗೆ ಗುರಿಯಿಟ್ಟು ಹೊಡೆದೆ ಎಂದು ಆಕೆಯೇ ನೆನಪಿಸಿಕೊಂಡಿದ್ದಾಳೆ.

ಆ ಕೋವಿ ಯಾವ ಬಗೆಯದು ಎಂದು ತಿಳಿದರೆ ಮಾತ್ರ ಈ ಮಾತಿನ ತೂಕ ಗೊತ್ತಾಗುತ್ತದೆ. ಅದು ಬಾಯಿಯಿಂದ ಮದ್ದು ತುಂಬುವ ಕೋವಿ. ಕೊಡಗು, ಮಲೆನಾಡಿನ ಹಿರಿಯರಿಗೆ ಕೇಪಿನ ಕೋವಿಯ ಪರಿಚಯವಿರುತ್ತದೆ. ಹೆಚ್ಚುಕಡಿಮೆ ಅದೇ ಕುಲದ್ದು. ತೋಟಾ ಹಾಕಿ ಟಪ್ಪನೆ ಮುಚ್ಚುವ ಅನುಕೂಲ ಇದರಲ್ಲಿಲ್ಲ. ಮೊದಲು ಕೊಂಬಿನಿಂದ ಕರಿಮದ್ದನ್ನು ಅಳತೆಯ ಪಾತ್ರೆಗೆ ಸುರಿದುಕೊಳ್ಳಬೇಕು. ಕರಿಮದ್ದೆಂದರೆ ನೂರರಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಅಳೆದ ಮದ್ದನ್ನು ನಳಿಗೆಗೆ ಸುರಿದು, ಜಿಡ್ಡು ಸವರಿದ ಬಟ್ಟೆಯ ತುಂಡನ್ನು ನಳಿಗೆಯ ಬಾಯಿಗಿಟ್ಟು, ಅದರ ಮೇಲೆ ಸೀಸದ ಗುಂಡನ್ನು ಕೂರಿಸಬೇಕು. ಆಮೇಲೆ ಗಜವೆಂಬ ಉದ್ದ ಕೋಲಿನಿಂದ ಗುಂಡು ಮದ್ದಿನ ಮೇಲೆ ಬಿಗಿಯಾಗಿ ಕೂರುವವರೆಗೆ ತಳ್ಳಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆಯೇ ಒಡೆಯಬಹುದು. ಕೊನೆಗೆ ಕಿಡಿಯ ವ್ಯವಸ್ಥೆ. ಹಳೆಯ ಕೋವಿಗಳಲ್ಲಿ ಚಕಮಕಿ ಕಲ್ಲು. 1807ರಲ್ಲಿ ಸ್ಕಾಟ್ಲೆಂಡ್‌ನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿ, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಕೋವಿ ಹೊತ್ತಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಕೇಪಿನ ಕಾಲ ಬಂತು. ಹೊಡೆದ ಕೂಡಲೇ ದಟ್ಟ ಬಿಳಿ ಹೊಗೆ ಕಣ್ಣಿಗೆ ಅಡ್ಡ ಬರುತ್ತದೆ. ಗುರಿ ತಾಗಿತೋ ಇಲ್ಲವೋ ಎಂದು ನೋಡಲೂ ಒಂದು ಗಳಿಗೆ ಕಾಯಬೇಕು.

ಎರಡನೆಯ ಈಡಿಗೆ ಪ್ರಾಣಿ ನಿಲ್ಲುವುದಿಲ್ಲ. ಮೊದಲನೆಯದೇ ತಾಗಬೇಕು.

ಗಂಡ ಸತ್ತ ತಾಯಿಗೆ ಮಕ್ಕಳನ್ನೆಲ್ಲ ಸಾಕುವುದು ಆಗಲಿಲ್ಲ. 1870ರಲ್ಲಿ ಆನಿಯನ್ನು ಕೌಂಟಿಯ ಬಡವರ ಆಶ್ರಮಕ್ಕೆ ಸೇರಿಸಲಾಯಿತು. ಅಲ್ಲಿ ಹೊಲಿಗೆ ಕಲಿತಳು. ಬಳಿಕ ಒಂದು ಮನೆಯವರು ವಾರಕ್ಕೆ 50 ಸೆಂಟ್ ಸಂಬಳದ ಆಸೆ ತೋರಿಸಿ ಕರೆದೊಯ್ದು ಜೀತದಾಳಿನಂತೆ ದುಡಿಸಿ, ಹೊಡೆದು ಬಡಿದು ಮಾಡಿದರು. ಆನಿ ಅವರ ಹೆಸರನ್ನು ಎಲ್ಲೂ ಬಾಯಿಬಿಡಲಿಲ್ಲ. 'ತೋಳಗಳು' ಎಂದಷ್ಟೇ ಕರೆದಳು. ಅಲ್ಲಿಂದ ತಪ್ಪಿಸಿಕೊಂಡು ಮನೆ ಸೇರಿದವಳ ಕೈಗೆ ಮತ್ತೆ ಬಂದದ್ದು ಕೋವಿ. ಹೊಡೆದ ಬೇಟೆಯನ್ನು ಗ್ರೀನ್‌ವಿಲ್ ಪಟ್ಟಣದ ಅಂಗಡಿಗೆ ಮಾರುತ್ತಿದ್ದಳು. ಅಲ್ಲಿಂದ ಅದು ಸಿನ್ಸಿನಾಟಿಯ ಹೋಟೆಲುಗಳಿಗೆ ಹೋಗುತ್ತಿತ್ತು. ತಲೆಗೇ ಹೊಡೆಯುತ್ತಿದ್ದುದರಿಂದ ಮಾಂಸದಲ್ಲಿ ಸೀಸದ ಚೂರು ಸಿಗುತ್ತಿರಲಿಲ್ಲವೆಂದು ಹೋಟೆಲಿನವರು ಕೇಳಿ ತರಿಸುತ್ತಿದ್ದರಂತೆ. ಹದಿನೈದನೆಯ ವಯಸ್ಸಿಗೆ ತಾಯಿಯ ಮನೆಯ ಮೇಲಿದ್ದ ಅಡಮಾನದ ಸಾಲವನ್ನು ತೀರಿಸಿದಳು. ಆಕೆಯ ಗುರಿಗಾರಿಕೆಗೆ ಆಟಕ್ಕಿಂತ ಮೊದಲು ಹೊಟ್ಟೆಪಾಡಿನ ಹಿನ್ನೆಲೆಯಿತ್ತು ಎಂಬುದನ್ನು ಆಕೆಯ ಅಭಿಮಾನಿಗಳೂ ಮರೆಯುವುದುಂಟು.

ಬಟ್ಲರ್ ಜತೆ ಆಕೆ ರಂಗಕ್ಕೆ ಬಂದದ್ದು ಆಕಸ್ಮಿಕ. 1882ರಲ್ಲಿ ಅವನ ಜೊತೆಗಾರ ಕಾಯಿಲೆ ಬಿದ್ದಾಗ ಗುರಿವಸ್ತುಗಳನ್ನು ಹಿಡಿದು ನಿಲ್ಲಲು ಹೆಂಡತಿಯನ್ನು ಕರೆದ. ಆಕೆಗೆ ಹಿಡಿದು ನಿಲ್ಲುವುದಷ್ಟೇ ಸಾಲಲಿಲ್ಲ. ತಾನೂ ಹೊಡೆಯುತ್ತೇನೆ ಎಂದಳು. ಜನ ಯಾರಿಗೆ ಹೆಚ್ಚು ಚಪ್ಪಾಳೆ ತಟ್ಟುತ್ತಿದ್ದಾರೆ ಎಂಬುದು ಬಟ್ಲರ್‌ಗೆ ಬಹಳ ಬೇಗ ಅರ್ಥವಾಯಿತು. 1885ರಲ್ಲಿ ಇಬ್ಬರೂ ಬಫಲೊ ಬಿಲ್‌ನ 'ವೈಲ್ಡ್ ವೆಸ್ಟ್' ಪ್ರದರ್ಶನ ಸೇರಿದ ಮೇಲೆ ಆತ ತನ್ನ ಕೋವಿಯನ್ನು ಕೆಳಗಿಟ್ಟು ಹೆಂಡತಿಯ ಮ್ಯಾನೇಜರ್ ಆದ. ಪತ್ರ ವ್ಯವಹಾರ, ಪ್ರಚಾರ, ಕರಾರು ಎಲ್ಲ ಅವನದು. ರಂಗದಲ್ಲಿ ಗಾಜಿನ ಚೆಂಡುಗಳನ್ನು ಎಸೆಯುವವನೂ, ಆಕೆ ಹೊಡೆಯಲೆಂದು ಬೆರಳ ನಡುವೆ ಇಸ್ಪೀಟೆಲೆ ಹಿಡಿದು ನಿಲ್ಲುವವನೂ ಅವನೇ. ಒಂದು ಕೂದಲೆಳೆ ತಪ್ಪಿದರೂ ಬೆರಳು ಹೋಗುತ್ತಿತ್ತು. ಗಂಡಸಿನ ಹೆಸರಿನ ಹಿಂದೆ ಹೆಂಗಸು ನಿಲ್ಲುವುದೇ ರೂಢಿಯಾಗಿದ್ದ ಕಾಲದಲ್ಲಿ ಈತ ಹೆಂಡತಿಯ ಹೆಸರಿನ ಹಿಂದೆ ನಲವತ್ತು ವರ್ಷ ನಿಂತ. ಅದಕ್ಕಾಗಿ ಗೊಣಗಿದ್ದು ದಾಖಲೆಯಲ್ಲಿಲ್ಲ.

ಆಮೇಲಿನದು ಪ್ರಸಿದ್ಧ ಕಥೆ. ಲಕೋಟಾ ನಾಯಕ ಸಿಟ್ಟಿಂಗ್ ಬುಲ್ ಆಕೆಯನ್ನು ಮಗಳಂತೆ ಸ್ವೀಕರಿಸಿದ. 1887ರಲ್ಲಿ ಲಂಡನ್, 1889ರಲ್ಲಿ ಪ್ಯಾರಿಸ್. 1901ರ ರೈಲು ಅಪಘಾತದಲ್ಲಿ ಗಾಯಗೊಂಡು ವೈಲ್ಡ್ ವೆಸ್ಟ್ ಬಿಟ್ಟಳು.

ಪತ್ರಿಕೆಗಳವರು ನೆನಪಿಡಬೇಕಾದ ಪ್ರಸಂಗ 1903ರದು. ಆನಿ ಓಕ್ಲಿ ಮಾದಕದ್ರವ್ಯದ ಚಟಕ್ಕೆ ಬಿದ್ದು, ಅದರ ಹಣಕ್ಕಾಗಿ ಕಳವು ಮಾಡಿ ಷಿಕಾಗೊದ ಜೈಲು ಸೇರಿದ್ದಾಳೆ ಎಂದು ಹರ್ಸ್ಟ್ ಒಡೆತನದ ಪತ್ರಿಕೆಗಳು ಬರೆದವು. ದೇಶದ ಇತರ ಪತ್ರಿಕೆಗಳು ವಿಚಾರಿಸದೆ ಅದನ್ನೇ ಎತ್ತಿ ಹಾಕಿಕೊಂಡವು. ಸಿಕ್ಕಿಬಿದ್ದಿದ್ದವಳು ಆ ಹೆಸರನ್ನು ಬಳಸುತ್ತಿದ್ದ ಬೇರೊಬ್ಬ ನಟಿ. ಆನಿ 55 ಪತ್ರಿಕೆಗಳ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ ಸುಮಾರು ಏಳು ವರ್ಷ ಕೋರ್ಟಿನಿಂದ ಕೋರ್ಟಿಗೆ ಅಲೆದಳು. ಒಂದರಲ್ಲಿ ಬಿಟ್ಟು ಉಳಿದೆಲ್ಲದರಲ್ಲಿ ಗೆದ್ದಳು ಅಥವಾ ಪರಿಹಾರ ಪಡೆದಳು. ಬಂದ ಪರಿಹಾರಕ್ಕಿಂತ ಖರ್ಚೇ ಹೆಚ್ಚಾಯಿತು ಎನ್ನುತ್ತಾರೆ. ಆ ವರ್ಷಗಳಲ್ಲೂ ಬಟ್ಲರ್ ಜತೆಗಿದ್ದ.

ಕೊನೆಯ ದಿನಗಳಲ್ಲಿ ದಂಪತಿ ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್‌ನಲ್ಲಿ ಗುರಿ ಕಲಿಸುತ್ತಿದ್ದರು. ಆನಿಯ ಬಳಿ ಕಲಿತವರಲ್ಲಿ ಹೆಂಗಸರೇ ಹೆಚ್ಚು. 1926ರ ನವೆಂಬರ್ 3ರಂದು ಆಕೆ ತೀರಿಕೊಂಡಳು. ಹದಿನೆಂಟು ದಿನಗಳ ಬಳಿಕ ಬಟ್ಲರ್ ಕೂಡ.

1946ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ಇವರ ಕಥೆ 'ಆನಿ ಗೆಟ್ ಯುವರ್ ಗನ್' ಎಂಬ ಸಂಗೀತ ನಾಟಕವಾಗಿ ಬಂತು. ಅದರ ಕೊನೆಯ ಪಂದ್ಯದಲ್ಲಿ ಆನಿ ಪ್ರಿಯಕರನ ಮನಸ್ಸು ಉಳಿಸಲು ಬೇಕೆಂದೇ ಸೋಲುತ್ತಾಳೆ! ನಿಜ ಜೀವನದಲ್ಲಿ ಗೆದ್ದ ಹುಡುಗಿಯನ್ನು ಪ್ರೀತಿಸಿದ ಗಂಡನ್ನು, ಸೋತರೆ ಮಾತ್ರ ಪ್ರೀತಿಸುವವನನ್ನಾಗಿ ನಾಟಕದವರು ಮಾಡಿಬಿಟ್ಟರು. ಬಟ್ಲರ್‌ಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕಿಲ್ಲ.

ಇಷ್ಟರಲ್ಲಿ ಬಾಯಿಯಿಂದ ತುಂಬುವ ಕೋವಿ ಅಟ್ಟ ಸೇರಿತ್ತು. ಬುಡದಿಂದ ತೋಟಾ ಹಾಕುವ ಕೋವಿಯೂ, 1884ರಲ್ಲಿ ಫ್ರಾನ್ಸಿನಲ್ಲಿ ತಯಾರಾದ ಹೊಗೆಯಿಲ್ಲದ ಮದ್ದೂ ಅದನ್ನು ಮೂಲೆಗೆ ತಳ್ಳಿದ್ದವು. ಆನಿ ಕೂಡ ರಂಗದಲ್ಲಿ ಬಳಸಿದ್ದು ಹೊಸ ಕೋವಿಗಳನ್ನೇ. ಆದರೆ ಆಕೆ ಸತ್ತ ಐದು ವರ್ಷಕ್ಕೆ, 1931ರಲ್ಲಿ, ಅದೇ ಒಹಾಯೊ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿ ಹಳೆಯ ಕೋವಿಗಳ ಪಂದ್ಯವೊಂದು ನಡೆಯಿತು. ಅಟ್ಟದಿಂದ ಅಜ್ಜಂದಿರ ಕೋವಿಗಳು ಇಳಿದು ಬಂದವು. 1933ರಲ್ಲಿ ಇಂಥ ಕೋವಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಅದರ ಮೈದಾನ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಸಣ್ಣ ಊರಿನಲ್ಲಿದೆ. 1960ರ ದಶಕದಲ್ಲಿ ಅಂತರ್ಯುದ್ಧದ ನೂರರ ನೆನಪು ಬಂದಾಗ ಹಳೆಯ ಮಾದರಿಯ ಹೊಸ ಕೋವಿಗಳೂ ಮಾರುಕಟ್ಟೆಗೆ ಬಂದು ಈ ಹವ್ಯಾಸ ಹಬ್ಬಿತು.

ಗಂಡ ಹೆಂಡತಿ ಒಟ್ಟಾಗಿ ಕಲಿಯಲು ಇದು ಹೇಳಿ ಮಾಡಿಸಿದಂಥ ಆಟ. ಒಂದೇ ಕೋವಿ ಇದ್ದರೂ ಸರದಿಯ ಮೇಲೆ ಇಬ್ಬರಿಗೂ ಸಾಕು. ಅವಸರಕ್ಕೆ ಜಾಗವಿಲ್ಲ. ಕೊಂಬಿನಿಂದ ನೇರ ನಳಿಗೆಗೆ ಮದ್ದು ಸುರಿಯಬಾರದು, ಒಳಗೆ ಉಳಿದ ಕಿಡಿ ಕೊಂಬನ್ನೇ ಹೊತ್ತಿಸಬಹುದು. ಹೊಗೆಯಿಲ್ಲದ ಮದ್ದನ್ನು ಎಂದೂ ಹಾಕಬಾರದು, ಅದರ ಒತ್ತಡವನ್ನು ಈ ನಳಿಗೆ ತಡೆಯದು. ಮಾತಿನ ಭರದಲ್ಲಿ ಎರಡು ಸಲ ತುಂಬಿಬಿಟ್ಟರೆ ಅಪಾಯ. ಹಾಗಾಗಿ ಗಜದ ಮೇಲೆ ಗುರುತು ಹಾಕಿ, ಅದು ಎಷ್ಟು ಒಳಗೆ ಇಳಿಯಿತೆಂದು ಪ್ರತಿ ಸಲ ನೋಡುತ್ತಾರೆ. ಕರಿಮದ್ದಿನ ಮಸಿ ತೇವ ಹೀರಿ ಕಬ್ಬಿಣವನ್ನು ತಿನ್ನುವುದರಿಂದ ಸಂಜೆ ಬಿಸಿನೀರು, ಸೋಪು ಹಾಕಿ ನಳಿಗೆ ತೊಳೆದು, ಒರೆಸಿ, ಎಣ್ಣೆ ಹಚ್ಚಿದ ಮೇಲೆಯೇ ಊಟ.