ಮುಳ್ಳು ಬದಲಾಯಿಸಿದ ಮೇಲೆ

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ತೆಗೆದಾಗ, ತಳದಲ್ಲಿ ಹಳೆಯ ಇಳಕಲ್ ಸೀರೆಯೊಂದರ ಮಡಿಕೆಯೊಳಗೆ ಒಂದು ಗ್ರಾಮಫೋನ್ ಪ್ಲೇಟು ಸಿಕ್ಕಿತು. ಕಪ್ಪು ಬಣ್ಣ ಹೋಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಡುವಿನ ಚೀಟಿಯ ಮೇಲೆ 'ಗಾಂಧಾರಿ' ಎಂಬ ಹೆಸರು. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಗೆ ಹಾಡಿದಾಗ ಪ್ಲೇಟುಗಳು ಆ ಹೆಸರಿನಲ್ಲಿಯೇ ಬಂದಿದ್ದವು. ಅಜ್ಜ ಕೊಂಡಿದ್ದ ಆ ಪ್ಲೇಟನ್ನು ಅವ್ವ ಕೀಲಿ ಕೊಡುವ ಗ್ರಾಮಫೋನಿನ ಜೊತೆ ತವರಿನಿಂದ ತಂದಿದ್ದಳು.

ಗಂಗೂಬಾಯಿ ಎಂದೊಡನೆ ನಮಗೆ ನೆನಪಾಗುವುದು ಗಂಡುದನಿಯಂತಹ ಆ ಗಂಭೀರ ಕಂಠ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಬಂದ ದನಿ ಅದು. ಅದಕ್ಕೂ ಮೊದಲು ಅವರದು ತೆಳುವಾದ, ಎತ್ತರದ ದನಿ. 2009ರಲ್ಲಿ ಹುಬ್ಬಳ್ಳಿಯಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಮೊದಲ ದನಿಯನ್ನು ಎದುರಿಗೆ ಕೂತು ಕೇಳಿದವರು ಎಷ್ಟು ಜನ ಉಳಿದಿದ್ದಾರು? ಅದು ಉಳಿದಿರುವುದು ಇಂತಹ ಪ್ಲೇಟುಗಳ ಗೆರೆಗಳಲ್ಲಿ. ಆ ಗೆರೆಯನ್ನು ಓದುವುದು ಒಂದು ಮುಳ್ಳು. ಶಾಲೆಯಲ್ಲಿ ಮಕ್ಕಳಿಗೆ ರಾಜರ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತ ಬಂದ ನನಗೆ, ಈ ಮುಳ್ಳಿಗೂ ಒಂದು ಚರಿತ್ರೆ ಇದೆಯೆಂದು ತಿಳಿದದ್ದು ಬಹಳ ತಡವಾಗಿ.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಆಗಿನ ಪ್ಲೇಟುಗಳು ಅರಗಿನವು. ನಮ್ಮ ದೇಶದ ಮುತ್ತುಗ, ಬೋರೆ ಮರಗಳ ಮೇಲೆ ಹುಳುಗಳು ಕಟ್ಟುವ ಅದೇ ಅರಗು. ನಾವು ಬಳೆಗೂ, ಮುದ್ರೆಗೂ ಬಳಸಿದ ಅರಗು. ಅದರಲ್ಲಿ ನುಣ್ಣಗೆ ಅರೆದ ಕಲ್ಲಿನ ಪುಡಿಯನ್ನೂ ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಈ ಪುಡಿಗೆ ಉಜ್ಜಿ, ಬೇಗನೆ ಗೆರೆಯ ಆಕಾರಕ್ಕೆ ಹೊಂದಿಕೊಳ್ಳಲಿ ಎಂದು. ಒಂದು ಬದಿ ಮುಗಿಯುವ ಹೊತ್ತಿಗೆ, ಅಂದರೆ ಮೂರು ಮೂರೂವರೆ ನಿಮಿಷದಲ್ಲಿ, ಮುಳ್ಳು ಸವೆದು ಅದರ ಅಂಚು ಹರಿತವಾಗುತ್ತಿತ್ತು. ಆದ್ದರಿಂದ ಪ್ರತಿ ಬದಿಗೂ ಹೊಸ ಮುಳ್ಳು ಹಾಕಬೇಕೆಂಬ ನಿಯಮ. ಅದೇ ಮುಳ್ಳನ್ನು ಮತ್ತೆ ಇಟ್ಟರೆ ಅದು ಹಾಡನ್ನು ಓದುವುದಷ್ಟೇ ಅಲ್ಲ, ಹೆರೆಯುತ್ತಲೂ ಹೋಗುತ್ತದೆ. ಮುಳ್ಳಿನ ಮೇಲಿದ್ದ ಧ್ವನಿಪೆಟ್ಟಿಗೆಯ ಭಾರ ನೂರು ಗ್ರಾಮಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ ಎಂಟು ಒಂಬತ್ತು ತೊಲೆ! ಕೆಲವರು ಪ್ಲೇಟಿನ ಮೇಲಿನ ಕನಿಕರದಿಂದ ಬಿದಿರಿನ ಮುಳ್ಳನ್ನೂ, ಕಳ್ಳಿಯ ಮುಳ್ಳನ್ನೂ ಹಾಕುತ್ತಿದ್ದರಂತೆ. ನಮ್ಮವರು ಇದನ್ನು ಮುಳ್ಳು ಎಂದು ಕರೆದದ್ದು ಸುಮ್ಮನಲ್ಲ.

ಅವ್ವ ಒಂದು ಕಡ್ಡಿಯಲ್ಲಿ ಎರಡು ಒಲೆ ಹಚ್ಚುವ ಪೈಕಿ. ಮುಳ್ಳಿನ ತಗಡಿನ ಡಬ್ಬಿ ಖಾಲಿಯಾಗದಂತೆ ಒಂದೇ ಮುಳ್ಳಿನಲ್ಲಿ ಹತ್ತು ಬದಿ ಕೇಳುತ್ತಿದ್ದಳು. ಮಧ್ಯಾಹ್ನ ಮುಸುರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, ಅಪ್ಪ ಕಚೇರಿಯಿಂದ ಬರುವ ಮೊದಲು ಒಂದು ಸಲ. ಅವಳ ದಿನದಲ್ಲಿ ಅವಳದೇ ಅಂತ ಇದ್ದದ್ದು ಆ ಮೂರು ನಿಮಿಷ.

ಅತ್ತ ಜಗತ್ತಿನಲ್ಲಿ ಮುಳ್ಳು ಬದಲಾಗುತ್ತಿತ್ತು. ಯುದ್ಧದ ಕಾಲದಲ್ಲಿ ಅರಗು ಸಿಗುವುದು ಕಷ್ಟವಾಗಿ, 1942ರಲ್ಲಿ ಅಮೆರಿಕದ ಸರ್ಕಾರ ಪ್ಲೇಟುಗಳಿಗೆ ಅದನ್ನು ಬಳಸುವುದಕ್ಕೆ ಮಿತಿ ಹಾಕಿತು. 1948ರಲ್ಲಿ ಕೊಲಂಬಿಯಾ ಕಂಪನಿ ವಿನೈಲಿನ ಎಲ್.ಪಿ. ಪ್ಲೇಟನ್ನು ಹೊರತಂದಿತು. ನಿಮಿಷಕ್ಕೆ 78 ಸುತ್ತಿನ ಬದಲು ಮೂವತ್ತಮೂರು ಚಿಲ್ಲರೆ ಸುತ್ತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ಹಾಡು. ಗೆರೆಗಳು ತೀರ ಸಣ್ಣವು. ಹಳೆಯ ಪ್ಲೇಟಿನ ಮುಳ್ಳಿನ ತುದಿಯ ತ್ರಿಜ್ಯ ಇಂಚಿನ ಸಾವಿರ ಭಾಗಗಳಲ್ಲಿ ಸುಮಾರು ಮೂರು ಭಾಗವಾದರೆ, ಎಲ್.ಪಿ.ಗೆ ಒಂದೇ ಭಾಗ. ಉಕ್ಕು ಹೋಗಿ ನೀಲಮಣಿ, ವಜ್ರಗಳ ತುದಿ ಬಂದವು. ಮುಳ್ಳಿನ ನಡುಕವನ್ನು ವಿದ್ಯುತ್ತಾಗಿ ಮಾಡುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಾರ್ಟ್ರಿಜ್ ಬಂತು.

ನಮ್ಮಲ್ಲಿ ಮಾತ್ರ 1960ರ ದಶಕದಲ್ಲಿಯೂ 78ರ ಪ್ಲೇಟುಗಳು ಬರುತ್ತಲೇ ಇದ್ದವು. ಹಾಗಾಗಿ ಅನೇಕ ಮನೆಗಳ ರೆಕಾರ್ಡ್ ಪ್ಲೇಯರುಗಳಲ್ಲಿ ಎರಡು ಮುಳ್ಳುಗಳ ಕಾರ್ಟ್ರಿಜ್ ಇರುತ್ತಿತ್ತು: ಒಂದು ಬದಿಗೆ 78ರದು, ಇನ್ನೊಂದು ಬದಿಗೆ ಎಲ್.ಪಿ.ಯದು. ಚಿಕ್ಕದೊಂದು ಕಡ್ಡಿಯನ್ನು ಹೊರಳಿಸಿದರೆ ಮುಳ್ಳು ಬದಲಾಗುತ್ತಿತ್ತು.

1988ರಲ್ಲಿ ನಾನು ಬಿ.ಎ. ಓದುವಾಗ ಅಣ್ಣ ಅಂತಹದೊಂದು ಪ್ಲೇಯರ್ ತಂದ. ಗ್ರಾಮಫೋನು ಕೆಟ್ಟು ಮೂಲೆ ಸೇರಿ ಎಷ್ಟೋ ವರ್ಷವಾಗಿತ್ತು. ಅವ್ವ ಹಿಗ್ಗಿನಿಂದ ತನ್ನ ಪ್ಲೇಟು ತಂದುಕೊಟ್ಟಳು. ನಾನು ವೇಗವನ್ನೇನೋ 78ಕ್ಕೆ ಇಟ್ಟೆ. ಕಡ್ಡಿಯನ್ನು ಹೊರಳಿಸಬೇಕೆಂಬುದು ಗೊತ್ತಿರಲಿಲ್ಲ. ಎಲ್.ಪಿ.ಯ ಸಣ್ಣ ಮುಳ್ಳು ಆ ಅಗಲವಾದ ಗೆರೆಯ ಗೋಡೆಗಳಿಗೆ ತಾಗದೆ, ತಳದ ದೂಳಿನಲ್ಲಿ ಹೊರಳಾಡಿತು. ಕೇಳಿಸಿದ್ದು ಒಗ್ಗರಣೆಯ ಸದ್ದು. ಅದರ ಹಿಂದೆ ಎಲ್ಲೋ ಒಂದು ನರಳಾಟ.

"ಒಂದ ಮುಳ್ಳಿನಾಗ ಗೀಚಿ ಗೀಚಿ ನೀನ ಇದನ್ನ ಹಾಳ ಮಾಡೀದಿ ನೋಡವ್ವಾ" ಅಂದೆ. ಕಾಲೇಜು ಕಲಿಯುವ ಮಗಳ ಮಾತು.

ಅವ್ವ ಸ್ವಲ್ಪ ಹೊತ್ತು ಪ್ಲೇಟನ್ನೇ ನೋಡಿದಳು. "ಹೌದೇನವಾ? ಹಂಗಾರ ತಗದಿಡು" ಅಂದಳು. ಆಮೇಲೆ ಒಮ್ಮೆಯೂ ಅದನ್ನು ಹಾಕು ಅಂತ ಕೇಳಲಿಲ್ಲ.

ಹೋದ ವರ್ಷ ಅಣ್ಣನ ಮಗ ಹೊಸ ಟರ್ನ್‌ಟೇಬಲ್ ಕೊಂಡ. ಅದರ ಜೊತೆ ಬಂದ ಕಾರ್ಟ್ರಿಜ್ ಸಾಧಾರಣದ್ದು ಅಂತ ಒಳ್ಳೆಯದೊಂದನ್ನು ತರಿಸಿದ. ಈ ಕಾರ್ಟ್ರಿಜ್‌ನಲ್ಲಿ ಮುಳ್ಳಿನ ಸಣ್ಣ ದಂಡದ ಹಿಂತುದಿಗೆ ಕಡುಚಿಕ್ಕ ಅಯಸ್ಕಾಂತವಿದ್ದು, ಅದು ತಂತಿಯ ಸುರುಳಿಗಳ ನಡುವೆ ಅಲುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಎರಡು ಪುಟ್ಟ ತಿರುಪು, ಕೂದಲಿನಂತಹ ನಾಲ್ಕು ತಂತಿ. ಅವನು ಉಸಿರು ಬಿಗಿಹಿಡಿದು ಜೋಡಿಸಿದ. ಹಿಂದಿನ ತೂಕದ ಬಿಲ್ಲೆಯನ್ನು ತಿರುಗಿಸುತ್ತ, ಕೈ ಅಕ್ಕಸಾಲಿಗರ ತಕ್ಕಡಿಯ ಹಾಗೆ ಗಾಳಿಯಲ್ಲಿ ಸಮವಾಗಿ ನಿಲ್ಲುವಂತೆ ಮಾಡಿ, ನಂತರ ಎರಡು ಗ್ರಾಂ ಭಾರ ಕೊಟ್ಟ. ಎಲ್.ಪಿ.ಗೆ ಅಷ್ಟು ಸಾಕಂತೆ. ಅವ್ವನ ಪ್ಲೇಟು ನೆನಪಾಗಿ ಹಳೆಯ ಕತೆಯನ್ನೆಲ್ಲ ಹೇಳಿದೆ. ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, "ಅತ್ತಿ, ಇದು ಹಾಳಾಗಿಲ್ಲ. ಇದರ ಮುಳ್ಳ ಬ್ಯಾರೆ" ಅಂದ.

78ಕ್ಕೆಂದೇ ಮಾಡಿದ ಮುಳ್ಳು ಬರಲು ಹತ್ತು ದಿನ ಹಿಡಿಯಿತು. ಕಾರ್ಟ್ರಿಜ್ ಅದೇ ಇರಲಿ, ಮುಂದಿನ ಮುಳ್ಳಿನ ಭಾಗವನ್ನಷ್ಟೇ ಎಳೆದು ಬೇರೆಯದನ್ನು ಸಿಕ್ಕಿಸಿದರಾಯಿತು. ತೂಕ ಐದು ಗ್ರಾಂ. ಅರ್ಧ ತೊಲೆಗೂ ಕಡಿಮೆ. ಪ್ಲೇಟನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ ಹಾಕಿದ. ಅರಗಿನ ಪ್ಲೇಟಿಗೆ ಸ್ಪಿರಿಟ್ ತಾಗಿಸಬಾರದು, ಕರಗುತ್ತದೆ ಎಂಬ ಎಚ್ಚರಿಕೆಯನ್ನೂ ಹೇಳಿದ.

ಸರಸರ ಸದ್ದು ಇತ್ತು. ಅವ್ವನ ಉಳಿತಾಯದ ಗುರುತುಗಳೂ ಅಲ್ಲಲ್ಲಿ ಇದ್ದವು, ಇಲ್ಲವೆನ್ನಲಾರೆ. ಆದರೆ ಅದರ ನಡುವಿನಿಂದ ಆ ಎಳೆಯ ದನಿ ಎದ್ದು ಬಂತು. ತೆಳ್ಳಗೆ, ಎತ್ತರಕ್ಕೆ, ಚೂರೂ ಅಳುಕಿಲ್ಲದೆ. ಮೂರು ನಿಮಿಷದಲ್ಲಿ ಮುಗಿದೂ ಹೋಯಿತು.

ಮುಳ್ಳಿನ ಚರಿತ್ರೆಯೆಂದರೆ ಭಾರ ಇಳಿಸುತ್ತ ಬಂದ ಚರಿತ್ರೆ. ಒತ್ತುವುದು ಕಡಿಮೆಯಾದಷ್ಟೂ ಕೇಳಿಸುವುದು ಹೆಚ್ಚಾಯಿತು. ನಾನು ಅವ್ವನಿಗೆ ಆಡಿದ ಮಾತಿನ ಭಾರ ಎಷ್ಟಿತ್ತೋ, ಅದನ್ನು ತೂಗುವ ತಕ್ಕಡಿ ಆ ಹುಡುಗನ ಹತ್ತಿರವೂ ಇಲ್ಲ.

"ಮತ್ತೊಮ್ಮೆ ಹಾಕಲೇನು, ಅತ್ತಿ?" ಅಂದ.

ಗಡಿಯಾರ ನೋಡಿದೆ. ಮಧ್ಯಾಹ್ನ ಮೂರು ಗಂಟೆ. "ಹಾಕಪ್ಪಾ" ಅಂದೆ.